ಆಧುನಿಕ ಚಿತ್ರದೊಳಗಿನ ನೋವನ್ನು ನೋಡುವುದು ಹೇಗೆ? ಹೆಜ್ಜೆ ಹೆಜ್ಜೆಯಾಗಿ ಒಂದು ಮಾರ್ಗದರ್ಶಿ

ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಪ್ರದರ್ಶನ ಇದ್ದಾಗಲೆಲ್ಲ ಒಂದು ಮಾತು ಕಿವಿಗೆ ಬೀಳುತ್ತದೆ. "ಇದರಲ್ಲಿ ದುಃಖ ಎಲ್ಲಿದೆ ರೀ? ಮುಖಾನೇ ಸರಿಯಾಗಿ ಕಾಣ್ತಿಲ್ಲ." ಕೇಳುವವರಿಗೆ ಏನೂ ಗೊತ್ತಿಲ್ಲ ಅಂತ ತಿಳಿಯಬೇಡಿ, ಅದು ನ್ಯಾಯವಾದ ಪ್ರಶ್ನೆ. ನಾವೆಲ್ಲ ಗೋಡೆಯ ಕ್ಯಾಲೆಂಡರು, ನಾಟಕ ಕಂಪನಿಯ ಪರದೆ, ಸಿನಿಮಾ ಪೋಸ್ಟರ್ ನೋಡುತ್ತಾ ಬೆಳೆದವರು. ಅಲ್ಲಿ ದುಃಖ ಅಂದರೆ ಕೆನ್ನೆ ಮೇಲೆ ಒಂದು ಹನಿ, ಬಾಗಿದ ತಲೆ, ಎದೆಯ ಮೇಲೆ ಕೈ. ಆಧುನಿಕ ಚಿತ್ರಕಾರರು ಆ ಹನಿಯನ್ನು ತೆಗೆದುಬಿಟ್ಟರು. ನೋವನ್ನು ಮೈಯ ಭಾರದಲ್ಲಿ, ಗೆರೆಯಲ್ಲಿ, ಬಣ್ಣದಲ್ಲಿ, ಕ್ಯಾನ್ವಾಸಿನ ಗೀರುಗಳಲ್ಲಿ, ಖಾಲಿ ಜಾಗದಲ್ಲಿ ಇಟ್ಟರು. ಕೆಲವು ಸಲ, ಬರೆಯದೆ ಬಿಟ್ಟದ್ದರಲ್ಲೂ ಇಟ್ಟರು.

ಅದನ್ನು ಹುಡುಕಲು ಕಲಿಯಬಹುದು. ಅದಕ್ಕೆ ಕಲಾ ಇತಿಹಾಸದ ಡಿಗ್ರಿ ಬೇಡ. ಇಲ್ಲಿ ಹೇಳುವ ಹೆಜ್ಜೆಗಳನ್ನು ಹೆಚ್ಚಾಗಿ ಸ್ಪೇನಿನ ಚಿತ್ರಕಾರ ಪಿಕಾಸೊನ 'ಗೆರ್ನಿಕಾ' ಅನ್ನುವ ಚಿತ್ರ ಇಟ್ಟುಕೊಂಡು ತೋರಿಸುತ್ತೇನೆ. ಅದರ ಫೋಟೊ ಎಲ್ಲರಿಗೂ ಸುಲಭವಾಗಿ ಸಿಗುತ್ತದೆ. ನಡುನಡುವೆ ಬಂಗಾಳದ, ಮುಂಬೈಯ ಚಿತ್ರಗಳೂ ಬರುತ್ತವೆ. ಅವನ್ನು ನೋಡದೆ ಈ ವಿಷಯ ಮುಗಿಯುವುದಿಲ್ಲ.

ಶುರು ಮಾಡುವ ಮೊದಲು

ಒಂದೇ ಚಿತ್ರ ಆರಿಸಿಕೊಳ್ಳಿ. ಫೋನಿನಲ್ಲಿ ಹತ್ತು ಚಿತ್ರ ಸರಸರ ಸರಿಸಿದರೆ ಒಂದೂ ಒಳಗೆ ಇಳಿಯುವುದಿಲ್ಲ. ಆದಷ್ಟು ದೊಡ್ಡ ಪರದೆಯಲ್ಲಿ ನೋಡಿ, ಅಥವಾ ಕಲರ್ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿ. ಕೈಯಲ್ಲಿ ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಇರಲಿ.

ಚಿತ್ರದ ಹೆಸರನ್ನು, ಕೆಳಗಿನ ವಿವರಣೆಯನ್ನು ಈಗಲೇ ಓದಬೇಡಿ. ಓದಿದರೆ ಕಣ್ಣು ಕೆಲಸ ನಿಲ್ಲಿಸುತ್ತದೆ. 'ಯುದ್ಧದ ಭೀಕರತೆ' ಅಂತ ಓದಿದ ಮೇಲೆ ನೀವು ಅದನ್ನೇ ನೋಡುತ್ತೀರಿ, ಬೇರೆ ಏನೂ ಕಾಣುವುದಿಲ್ಲ. ಕಥೆಗೆ ಆಮೇಲೆ ಜಾಗ ಇದೆ.

ಇನ್ನೊಂದು ಕೆಲಸ: ಚಿತ್ರದ ನಿಜವಾದ ಅಳತೆ ತಿಳಿದುಕೊಳ್ಳಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಬಹಳ ಮುಖ್ಯ. 'ಗೆರ್ನಿಕಾ' ಸುಮಾರು 11.5 ಅಡಿ ಎತ್ತರ, 25.5 ಅಡಿ ಅಗಲ. ಮನೆಯ ಮಾಳಿಗೆ ಮೇಲೆ ಟೇಪು, ಸೀಮೆಸುಣ್ಣ ಹಿಡಿದು ಆ ಅಳತೆ ಹಾಕಿ, ಅಂಚಿನಲ್ಲಿ ನಿಂತು ನೋಡಿ. ನಿಮ್ಮ ಇಡೀ ಮೈಗಿಂತ ದೊಡ್ಡದಾದ ಕುದುರೆ, ನಿಮ್ಮ ತಲೆಗಿಂತ ಎಷ್ಟೋ ಮೇಲೆ ಕೈ ಎತ್ತಿದ ಹೆಂಗಸು. ಫೋನಿನಲ್ಲಿ ಅಂಗೈಯಷ್ಟು ಕಾಣುವ ಚಿತ್ರ, ಎದುರು ನಿಂತರೆ ನಿಮ್ಮನ್ನು ಸುತ್ತುವರಿಯುತ್ತದೆ. ದೊಡ್ಡದಾಗಿದ್ದರೆ ಮಾತ್ರ ನೋವು ಜಾಸ್ತಿ ಅಂತ ಅಲ್ಲ. ಡಚ್ ಚಿತ್ರಕಾರ ವ್ಯಾನ್‌ಗಾಗ್‌ನ ದುಃಖಿತ ಮುದುಕನ ಚಿತ್ರ ಮೂರಡಿಯೂ ಇಲ್ಲ. ಅಲ್ಲಿ ನೀವು ಒಬ್ಬ ಮನುಷ್ಯನ ಹತ್ತಿರ ಹೋಗಿ ನಿಲ್ಲುತ್ತೀರಿ. ಚಿತ್ರ ನಿಮ್ಮನ್ನು ಎಲ್ಲಿ ನಿಲ್ಲಿಸುತ್ತದೆ ಅನ್ನುವುದು ಅಳತೆಯಿಂದಲೇ ಗೊತ್ತಾಗುತ್ತದೆ.

ಮೊದಲ ಹೆಜ್ಜೆ: ಕಂಡದ್ದನ್ನು ಬಾಯಿಬಿಟ್ಟು ಹೇಳಿ

ಅರ್ಥ ಬೇಡ, ಬರೀ ಕಂಡದ್ದು. ಎಡಗಡೆ ಒಂದು ಗೂಳಿ. ಅದರ ಕೆಳಗೆ ಸತ್ತ ಮಗುವನ್ನು ಹಿಡಿದು ತಲೆಯನ್ನು ಹಿಂದಕ್ಕೆ ಚೆಲ್ಲಿ ಕಿರುಚುತ್ತಿರುವ ತಾಯಿ. ನೆಲದ ಮೇಲೆ ಬಿದ್ದಿರುವ ಒಬ್ಬ ಮನುಷ್ಯ, ಅವನ ತುಂಡಾದ ಕೈಯಲ್ಲಿ ಮುರಿದ ಕತ್ತಿ, ಆ ಕೈಯ ಹತ್ತಿರ ಒಂದು ಸಣ್ಣ ಹೂವು. ನಡುವೆ ಈಟಿ ಚುಚ್ಚಿದ ಕುದುರೆ. ಅದರ ಮೇಲೆ ಒಂದು ಕರೆಂಟ್ ಬಲ್ಬು. ಕಿಟಕಿಯಿಂದ ಚಾಚಿದ ಒಂದು ಕೈಯಲ್ಲಿ ದೀಪ. ಕಾಲೆಳೆದುಕೊಂಡು ಬರುತ್ತಿರುವ ಹೆಂಗಸು. ಬಲಗಡೆ ಕೊನೆಯಲ್ಲಿ ಬೆಂಕಿಯ ನಡುವೆ ಎರಡೂ ಕೈ ಮೇಲೆತ್ತಿದ ಇನ್ನೊಬ್ಬಳು.

ಹೀಗೆ ಹೇಳುತ್ತಾ ಹೋದರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ವಿಮಾನ ಇಲ್ಲ. ಬಾಂಬು ಇಲ್ಲ. ಶತ್ರು ಇಲ್ಲ. ಹೊಡೆದವನು ಚಿತ್ರದಲ್ಲೇ ಇಲ್ಲ, ಹೊಡೆಸಿಕೊಂಡವರು ಮಾತ್ರ ಇದ್ದಾರೆ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೇ ಹೆಜ್ಜೆ: ಆ ಭಂಗಿಯನ್ನು ನಿಮ್ಮ ಮೈಯಲ್ಲಿ ಮಾಡಿ ನೋಡಿ

ನಾಚಿಕೆ ಬೇಡ, ಬಾಗಿಲು ಹಾಕಿಕೊಂಡು ಮಾಡಿ. ವ್ಯಾನ್‌ಗಾಗ್ 1890ರಲ್ಲಿ ಬರೆದ ಆ ಮುದುಕ ಕುರ್ಚಿಯಲ್ಲಿ ಕೂತಿದ್ದಾನೆ. ಮೊಣಕೈ ತೊಡೆಯ ಮೇಲೆ, ಎರಡೂ ಮುಷ್ಟಿ ಮುಖಕ್ಕೆ ಒತ್ತಿದೆ. ಮುಖ ಕಾಣುವುದೇ ಇಲ್ಲ. ಹಾಗೆ ಒಂದೆರಡು ನಿಮಿಷ ಕೂತು ನೋಡಿ. ಉಸಿರು ಚಿಕ್ಕದಾಗುತ್ತದೆ, ಬೆನ್ನು ಎಳೆಯುತ್ತದೆ, ಹೊರಗಿನ ಶಬ್ದ ದೂರ ಹೋದಂತಾಗುತ್ತದೆ. ಚಿತ್ರಕಾರ ಹೇಳಬೇಕಾದ್ದನ್ನು ಮೈಯ ಮಡಿಕೆಯಲ್ಲೇ ಹೇಳಿದ್ದಾನೆ.

ಈಗ ಗೆರ್ನಿಕಾದ ತಾಯಿಯಂತೆ ತಲೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ ಬಾಯಿ ತೆರೆಯಿರಿ. ಗಂಟಲು ಬಿಗಿಯುತ್ತದೆ. ಆ ಭಂಗಿಯಲ್ಲಿ ಮಾತು ಬರುವುದು ಕಷ್ಟ, ಕೂಗು ಮಾತ್ರ ಬರುತ್ತದೆ. ಒಬ್ಬ ದುಃಖವನ್ನು ಒಳಕ್ಕೆ ಮುಚ್ಚಿಕೊಂಡವನು, ಇನ್ನೊಬ್ಬಳು ಆಕಾಶಕ್ಕೆ ಎಸೆದವಳು. ಎರಡೂ ದುಃಖವೇ, ಆದರೆ ಒಂದೇ ದುಃಖ ಅಲ್ಲ. 'ದುಃಖದ ಚಿತ್ರ' ಅಂತ ಹೇಳಿ ಸುಮ್ಮನಾಗಬೇಡಿ. ಯಾವ ತರದ ದುಃಖ ಅಂತ ಕೇಳಿ. ಮುಗಿದದ್ದೋ, ಈಗ ನಡೆಯುತ್ತಿರುವುದೋ? ಒಬ್ಬರದೋ, ಎಲ್ಲರದೋ? ಸುಸ್ತೋ, ಸಿಟ್ಟೋ?

ಜರ್ಮನಿಯ ಕೇಥೆ ಕೊಲ್ವಿಟ್ಸ್ 1903ರಲ್ಲಿ ಸತ್ತ ಮಗುವನ್ನು ತಬ್ಬಿದ ತಾಯಿಯ ಎಚ್ಚಿಂಗ್ (ಲೋಹದ ತಗಡಿನಲ್ಲಿ ಗೆರೆ ಕೊರೆದು ತೆಗೆಯುವ ಅಚ್ಚುಚಿತ್ರ) ಮಾಡಿದರು. ಅದಕ್ಕೆ ಕನ್ನಡಿಯ ಮುಂದೆ ತನ್ನ ಮಗ ಪೀಟರ್‌ನನ್ನೇ ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ಆ ತಾಯಿ ಮಗುವನ್ನು ತಬ್ಬಿದ ರೀತಿ ನೋಡಿ, ಬಿಟ್ಟರೆ ಯಾರೋ ಕಿತ್ತುಕೊಂಡು ಹೋಗುತ್ತಾರೆ ಅನ್ನುವ ಹಾಗಿದೆ. ಅದೇ ಪೀಟರ್ 1914ರ ಅಕ್ಟೋಬರಿನಲ್ಲಿ, ಮೊದಲ ಮಹಾಯುದ್ಧದಲ್ಲಿ ಸತ್ತ. ಇದು ಗೊತ್ತಾದ ಮೇಲೆ ಆ ಚಿತ್ರ ನೋಡುವುದು ಇನ್ನೂ ಕಷ್ಟ. ಆದರೆ ಗೊತ್ತಾಗುವ ಮೊದಲೇ ಆ ಕೈಗಳು ನಿಮಗೆ ಹೇಳಿರುತ್ತವೆ.

ಮೂರನೇ ಹೆಜ್ಜೆ: 'ಯಾಕೆ ಹೀಗೆ ಸೊಟ್ಟ?' ಅನ್ನುವುದನ್ನು ನಿಜವಾಗಿ ಕೇಳಿ

ಜನ ಅರ್ಧಕ್ಕೆ ಬಿಟ್ಟು ಹೋಗುವುದು ಇಲ್ಲೇ. ಕಣ್ಣು ಒಂದೇ ಪಕ್ಕಕ್ಕೆ ಎರಡು, ನಾಲಗೆ ಚೂರಿಯ ಹಾಗೆ ಚೂಪು, ಕೈಬೆರಳು ಊದಿಕೊಂಡಂತೆ. "ಸರಿಯಾಗಿ ಬರೆಯೋಕೆ ಬರಲ್ವಾ ಇವರಿಗೆ?" ಬರುತ್ತಿತ್ತು. ಪಿಕಾಸೊ ಹದಿಹರೆಯದಲ್ಲೇ ಫೋಟೊದಂತೆ ಬರೆಯಬಲ್ಲವನಾಗಿದ್ದ.

ನಮ್ಮ ಕಡೆ ಹಳ್ಳಿಯಲ್ಲಿ ಸಾವಿನ ಮನೆಗೆ ಹೋದವರಿಗೆ ಗೊತ್ತು, ಹೆಂಗಸರು ಹಾಡಾಡಿಕೊಂಡು ಅಳುತ್ತಾರೆ. ಸತ್ತವರ ಹೆಸರು ಹಿಡಿದು, ಅವರು ಮಾಡಿದ್ದನ್ನೆಲ್ಲ ಹೇಳಿಕೊಂಡು, ಒಂದೊಂದು ಸಾಲನ್ನು ಎಳೆದು ಎಳೆದು ಅಳುತ್ತಾರೆ. ದಿನದ ಮಾತಿನಲ್ಲಿ ಯಾರೂ ಹಾಗೆ ಎಳೆಯುವುದಿಲ್ಲ. ಆದರೂ ಅಲ್ಲಿ ಕೂತವರಲ್ಲಿ ಒಬ್ಬರೂ "ಮಾತು ಯಾಕೆ ಸೊಟ್ಟ?" ಅಂತ ಕೇಳುವುದಿಲ್ಲ. ಆ ಎಳೆತದಲ್ಲೇ ಸಂಕಟ ಇದೆ ಅಂತ ಎಲ್ಲರಿಗೂ ತಿಳಿದಿದೆ. ಆಧುನಿಕ ಚಿತ್ರದಲ್ಲಿ ಗೆರೆ ಎಳೆಯುವುದು, ಮುರಿಯುವುದು ಇದೇ ಕೆಲಸಕ್ಕೆ.

ಹಾಗಾಗಿ ಸೊಟ್ಟ ಕಂಡ ಪ್ರತಿ ಜಾಗದಲ್ಲಿ ನಿಂತು ಕೇಳಿ: ಇದನ್ನು ನೇರ ಮಾಡಿದರೆ ಏನು ಕಳೆದುಹೋಗುತ್ತದೆ? ತಾಯಿಯ ಚೂಪು ನಾಲಗೆಯನ್ನು ಸಹಜ ನಾಲಗೆ ಮಾಡಿ ನೋಡಿ, ಪೆನ್ಸಿಲಿನಲ್ಲಿ ಪಕ್ಕದಲ್ಲೇ ಬಿಡಿಸಿ. ಕೂಗು ನಿಂತುಹೋಗುತ್ತದೆ. ಅವಳ ಕಣ್ಣುಗಳೇ ಹನಿಯ ಆಕಾರದಲ್ಲಿವೆ, ಗಮನಿಸಿ. ಕಾಲೆಳೆಯುವ ಹೆಂಗಸಿನ ಮೊಣಕಾಲನ್ನು ಸರಿ ಅಳತೆಗೆ ಇಳಿಸಿದರೆ ಅವಳು ಆರಾಮಾಗಿ ಓಡಬಲ್ಲಳು. ಏನೂ ಕಳೆಯದಿದ್ದರೆ? ಆಗ ಆ ಸೊಟ್ಟತನ ಬರೀ ಶೋಕಿ ಅಂತ ಹೇಳಲು ನಿಮಗೆ ಪೂರ್ತಿ ಹಕ್ಕಿದೆ. ಅಂಥ ಚಿತ್ರಗಳೂ ಬೇಕಾದಷ್ಟಿವೆ.

ನಾಲ್ಕನೇ ಹೆಜ್ಜೆ: ಬಣ್ಣ. ಕಪ್ಪು ಅಂದರೆ ದುಃಖ ಅಂತ ಮೊದಲೇ ತೀರ್ಮಾನಿಸಬೇಡಿ

ಗೆರ್ನಿಕಾ ಕಪ್ಪು, ಬಿಳಿ, ಬೂದು. ರಕ್ತದ ಚಿತ್ರದಲ್ಲಿ ಕೆಂಪೇ ಇಲ್ಲ. ಬರೆಯುವಾಗ ನಡುವೆ ವಿನ್ಯಾಸದ ಕಾಗದದ ತುಂಡುಗಳನ್ನು ಹಚ್ಚಿ ನೋಡಿ ಪಿಕಾಸೊ ತೆಗೆದುಬಿಟ್ಟ. ಈ ಚಿತ್ರಕ್ಕೆ ಕಾರಣವಾದ ಬಾಂಬ್ ದಾಳಿಯ ಸುದ್ದಿಯನ್ನು (ಅದರ ಕಥೆ ಏಳನೇ ಹೆಜ್ಜೆಯಲ್ಲಿದೆ) ಅವನು ಪ್ಯಾರಿಸ್ಸಿನಲ್ಲಿ ಪತ್ರಿಕೆಯಲ್ಲಿ ಓದಿದ, ಅಲ್ಲಿನ ಕಪ್ಪುಬಿಳುಪು ಫೋಟೊ ನೋಡಿದ. ಕುದುರೆಯ ಮೈಮೇಲಿನ ಸಣ್ಣ ಸಣ್ಣ ಗೀಟುಗಳನ್ನು ನೋಡಿ, ಅಚ್ಚಾದ ಸಾಲುಗಳ ಹಾಗೇ ಇವೆ.

ಆದರೆ ವ್ಯಾನ್‌ಗಾಗ್‌ನ ಮುದುಕ ತಿಳಿ ನೀಲಿ ಬಟ್ಟೆ ಹಾಕಿದ್ದಾನೆ. ಪಕ್ಕದಲ್ಲಿ ಒಲೆ ಉರಿಯುತ್ತಿದೆ. ಬೆಚ್ಚಗಿನ ಕೋಣೆ. ಕೋಣೆ ಬೆಚ್ಚಗಿದ್ದೂ ಅವನಿಗೆ ಏನೂ ತಾಗುತ್ತಿಲ್ಲ, ಅದೇ ಹೆಚ್ಚು ನೋಯಿಸುತ್ತದೆ. ನಾರ್ವೆಯ ಚಿತ್ರಕಾರ ಮುಂಕ್‌ನ 'ದಿ ಸ್ಕ್ರೀಮ್' (ಚೀತ್ಕಾರ, 1893) ನೋಡಿ, ಕಿತ್ತಳೆ, ಕೆಂಪು ಆಕಾಶ. ಬಣ್ಣ ಜೋರಾದಷ್ಟೂ ಆ ಮನುಷ್ಯ ಕಿವಿ ಮುಚ್ಚಿಕೊಳ್ಳುತ್ತಾನೆ.

ಇನ್ನು ಬಂಗಾಳದ ಕಲಾವಿದ ಸೋಮನಾಥ್ ಹೋರ್. ನನಗೆ ಭಾರತದ ಚಿತ್ರಕಲೆಯಲ್ಲಿ ಇದಕ್ಕಿಂತ ದೊಡ್ಡ ನೋವಿನ ಕೆಲಸ ಕಾಣುವುದಿಲ್ಲ. ಅವರು 1943ರ ಬಂಗಾಳದ ಬರಗಾಲವನ್ನು ಕಣ್ಣಾರೆ ಕಂಡವರು. 1970ರ ದಶಕದಲ್ಲಿ 'ಗಾಯಗಳು' ಅನ್ನುವ ಸರಣಿ ಮಾಡಿದರು. ಕಾಗದದ ತಿರುಳನ್ನು ಅಚ್ಚಿನ ಮೇಲೆ ಒತ್ತಿ ತೆಗೆದ ಬಿಳಿ ಹಾಳೆಗಳು ಅವು. ಬಿಳಿಯ ಮೇಲೆ ಬಿಳಿ. ಮನುಷ್ಯಾಕೃತಿ ಇಲ್ಲ, ಮುಖ ಇಲ್ಲ. ಸೀಳು, ತೂತು, ಉಬ್ಬು, ಅಷ್ಟೇ. ಮೊದಲು ಏನೂ ಕಾಣುವುದಿಲ್ಲ. ಬೆಳಕು ಓರೆಯಾಗಿ ಬಿದ್ದಾಗ ಅದು ಚರ್ಮ ಅಂತ ಗೊತ್ತಾಗುತ್ತದೆ. ಒಂದು ಹನಿ ಕೆಂಪಿಲ್ಲದೆ ಇಷ್ಟು ನೋವು ಹೇಗೆ ಬಂತು? ಇದಕ್ಕೆ ಉತ್ತರ ಮುಂದಿನ ಹೆಜ್ಜೆಯಲ್ಲಿದೆ.

ಐದನೇ ಹೆಜ್ಜೆ: ಹತ್ತಿರ ಹೋಗಿ ಮೇಲ್ಮೈ ನೋಡಿ

ಚಿತ್ರ ಒಂದು ವಸ್ತು. ಯಾರದೋ ಕೈ ಅದರ ಮೇಲೆ ಕೆಲಸ ಮಾಡಿದೆ. ಆ ಕೈ ನಿಧಾನವಾಗಿತ್ತೋ, ಅವಸರದಲ್ಲಿತ್ತೋ, ಸಿಟ್ಟಿನಲ್ಲಿತ್ತೋ ಅಂತ ಗುರುತು ಉಳಿದಿರುತ್ತದೆ.

ಮುಂಕ್‌ನ ಅಕ್ಕ ಸೋಫಿ 1877ರಲ್ಲಿ, 15ನೇ ವಯಸ್ಸಿನಲ್ಲಿ ಕ್ಷಯದಿಂದ ಸತ್ತಳು. 1885-86ರಲ್ಲಿ ಅವನು 'ಕಾಯಿಲೆಯ ಮಗು' ಬರೆದ. ಬಣ್ಣ ಹಚ್ಚುವುದು, ಕೆರೆಯುವುದು, ಮತ್ತೆ ಹಚ್ಚುವುದು, ಮತ್ತೆ ಗೀರುವುದು. 1886ರಲ್ಲಿ ಅದನ್ನು ಪ್ರದರ್ಶನಕ್ಕೆ ಇಟ್ಟಾಗ ಅದು ಅರ್ಧಂಬರ್ಧ ಕೆಲಸ ಅಂತ ಜನ ಬೈದರು. ಆದರೆ ಆ ಗೀರುಗಳೇ ಚಿತ್ರದ ಜೀವ. ಅಕ್ಕನ ಮುಖ ನೆನಪಿಗೆ ಬಂದಂತೆ ಆಗಿ ಜಾರಿಹೋಗುವುದು ಆ ಕೆರೆತದಲ್ಲಿದೆ. ಅವನು ಅದೇ ಚಿತ್ರವನ್ನು ಮುಂದಿನ 40 ವರ್ಷಗಳಲ್ಲಿ ಮತ್ತೆ ಮತ್ತೆ ಬರೆದ, ಒಟ್ಟು ಆರು ಸಲ.

ಬಂಗಾಳದ ಚಿತ್ರಕಾರ ಜೈನುಲ್ ಅಬೇದಿನ್ ಅವರ ಬರಗಾಲದ ಚಿತ್ರಗಳಲ್ಲಿ ಇನ್ನೊಂದು ತರದ ಮೇಲ್ಮೈ ಇದೆ. 1943ರಲ್ಲಿ ಕಲ್ಕತ್ತೆಯ ಬೀದಿಯಲ್ಲಿ ಅನ್ನ ಹುಡುಕಿಕೊಂಡು ಬಂದು ಬಿದ್ದವರನ್ನು ಅವರು ಅಗ್ಗದ ಕಾಗದದ ಮೇಲೆ, ಕಪ್ಪು ಶಾಯಿಯಲ್ಲಿ, ಒಣ ಕುಂಚದಿಂದ ಬರೆದರು. ಕುಂಚದಲ್ಲೂ ಸಾಕಷ್ಟು ಶಾಯಿ ಇಲ್ಲ ಅನ್ನುವ ಹಾಗೆ ಗೆರೆ ಒಣಗಿ ಒಡೆಯುತ್ತದೆ. ಪಕ್ಕೆಲುಬು, ಖಾಲಿ ತಟ್ಟೆ, ಕಾಗೆ. ನುಣುಪು ಕಾಗದ, ದುಬಾರಿ ಬಣ್ಣ ಇದ್ದಿದ್ದರೆ ಈ ಚಿತ್ರ ಸುಳ್ಳಾಗುತ್ತಿತ್ತು ಅಂತ ನನಗೆ ಅನಿಸುತ್ತದೆ.

ಫೋಟೊದಲ್ಲಿ ಮೇಲ್ಮೈ ಸರಿಯಾಗಿ ಕಾಣುವುದಿಲ್ಲ, ಹಿಗ್ಗಿಸಿ ನೋಡಿ.

ಆರನೇ ಹೆಜ್ಜೆ: ಕಣ್ಣಿಗೆ ಹೊರಗೆ ಹೋಗಲು ದಾರಿ ಇದೆಯಾ?

ಬೆರಳಿನಿಂದ ಚಿತ್ರದ ಮೇಲೆ ನಿಮ್ಮ ಕಣ್ಣು ಓಡಿದ ದಾರಿಯನ್ನು ಎಳೆಯಿರಿ. ಗೆರ್ನಿಕಾದಲ್ಲಿ ಬಲಗಡೆಯವರೆಲ್ಲ ಎಡಕ್ಕೆ ನುಗ್ಗುತ್ತಾರೆ, ಎಡಗಡೆ ಗೂಳಿ ಗೋಡೆಯಂತೆ ನಿಂತಿದೆ. ಆಕಾಶ ಇಲ್ಲ. ಇದು ಮನೆಯ ಒಳಗೋ ಹೊರಗೋ ಗೊತ್ತಾಗುವುದಿಲ್ಲ. ಓಡಿ ಹೋಗುವವರಿಗೆ ಇಲ್ಲಿ ದಾರಿಯೇ ಇಲ್ಲ, ನೋಡುವ ನಿಮಗೂ ಇಲ್ಲ.

ಮುಂಬೈಯ ಚಿತ್ರಕಾರ ತೈಯಬ್ ಮೆಹ್ತಾ ಅವರದು ಪೂರ್ತಿ ಬೇರೆ. 1947ರ ಗಲಭೆಯಲ್ಲಿ ಮುಂಬೈಯ ಮೊಹಮ್ಮದ್ ಅಲಿ ರಸ್ತೆಯಲ್ಲಿ ಜನ ಸೇರಿ ಒಬ್ಬನನ್ನು ಕೊಂದದ್ದನ್ನು ಅವರು ಕಿಟಕಿಯಿಂದ ನೋಡಿದ್ದರು. ಆ ನೋಟ ಅವರನ್ನು ಜೀವನವಿಡೀ ಬಿಡಲಿಲ್ಲ. ಆದರೆ ಅವರು ಆ ಗುಂಪನ್ನು ಬರೆಯಲಿಲ್ಲ. ಕೆಳಗೆ ಬೀಳುತ್ತಲೇ ಇರುವ ಮನುಷ್ಯನನ್ನು, ಕಾಲು ಕಟ್ಟಿದ ಗೂಳಿಯನ್ನು ಬರೆದರು. ಹಿಂದೆ ಬರೀ ಸಪಾಟು ಬಣ್ಣ. ಹಿಡಿದುಕೊಳ್ಳಲು ಒಂದು ಕಂಬ ಇಲ್ಲ, ಬೀಳಲು ನೆಲವೂ ಇಲ್ಲ. ಗೆರ್ನಿಕಾದಲ್ಲಿ ಜಾಗವೇ ಇಲ್ಲದ ಸಂಕಟ, ಇಲ್ಲಿ ಬರೀ ಜಾಗವೇ ಇರುವ ಸಂಕಟ.

ಏಳನೇ ಹೆಜ್ಜೆ: ಈಗ ಕಥೆ ಓದಿ

ಗೆರ್ನಿಕಾ ಸ್ಪೇನಿನ ಬಾಸ್ಕ್ ಸೀಮೆಯ ಒಂದು ಊರು. 1937ರ ಏಪ್ರಿಲ್ 26, ಸೋಮವಾರ, ಸಂತೆಯ ದಿನ. ಸ್ಪೇನ್ ಸರಕಾರದ ವಿರುದ್ಧ ದಂಗೆ ಎದ್ದಿದ್ದ ಸೇನಾಧಿಕಾರಿ ಫ್ರಾಂಕೊನ ಪರವಾಗಿ ಬಂದ ಜರ್ಮನಿ, ಇಟಲಿಯ ವಿಮಾನಗಳು ಗಂಟೆಗಟ್ಟಲೆ ಬಾಂಬು ಹಾಕಿದವು. ಸಂತೆಯ ದಿನ ಅಂದರೆ ಏನು ಅಂತ ನಮಗೆ ಬಿಡಿಸಿ ಹೇಳಬೇಕಾ? ಸುತ್ತಲ ಹಳ್ಳಿಯ ಹೆಂಗಸರು, ಮಕ್ಕಳು, ದನಕರು. ಕುದುರೆ, ಗೂಳಿ ಚಿತ್ರದಲ್ಲಿ ಯಾಕಿವೆ ಅಂತ ಪುಸ್ತಕಗಳಲ್ಲಿ ನೂರು ವಾದಗಳಿವೆ. ಫ್ಯಾಸಿಸಂ ಅನ್ನುವವರಿದ್ದಾರೆ, ಸ್ಪೇನಿನ ಜನ ಅನ್ನುವವರಿದ್ದಾರೆ. ನನಗಂತೂ ಮೊದಲು ನೆನಪಾಗುವುದು ಸಂತೆಗೆ ಬಂದ ಜೀವಗಳು.

ಆ ವರ್ಷ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಸ್ಪೇನ್ ಸರಕಾರದ ಮಂಟಪಕ್ಕೆ ಒಂದು ಚಿತ್ರ ಬರೆದುಕೊಡಲು ಪಿಕಾಸೊ ಮೊದಲೇ ಒಪ್ಪಿದ್ದ. ಸುದ್ದಿ ಬಂದ ಮೇಲೆ ಮೇ 1ರಿಂದ ಸ್ಕೆಚ್ ಶುರು ಮಾಡಿ ಜೂನ್ ಮೊದಲ ವಾರದ ಹೊತ್ತಿಗೆ ಮುಗಿಸಿದ. ಫೋಟೊಗ್ರಾಫರ್ ಡೋರಾ ಮಾರ್, ಅವನು ಬರೆಯುತ್ತಾ ಹೋದದ್ದನ್ನು ಹಂತ ಹಂತವಾಗಿ ಫೋಟೊ ತೆಗೆದರು. ಅವನ್ನು ತಪ್ಪದೆ ನೋಡಿ. ಮೊದಲ ಹಂತದಲ್ಲಿ ಬಿದ್ದ ಸೈನಿಕ ಮುಷ್ಟಿ ಕಟ್ಟಿ ಕೈ ಎತ್ತಿದ್ದಾನೆ. ಆಮೇಲೆ ಆ ಕೈ ಹೋಗಿದೆ. ಘೋಷಣೆ ತೆಗೆದು ನೋವನ್ನು ಮಾತ್ರ ಉಳಿಸಿಕೊಂಡದ್ದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಚಿತ್ರ ಬಹಳ ವರ್ಷ ನ್ಯೂಯಾರ್ಕಿನಲ್ಲಿತ್ತು, 1981ರಲ್ಲಿ ಸ್ಪೇನಿಗೆ ಬಂತು. ಈಗ ಮ್ಯಾಡ್ರಿಡ್‌ನ ರೈನಾ ಸೋಫಿಯಾದಲ್ಲಿದೆ.

ಈಗ ಮೊದಲ ಹೆಜ್ಜೆಯಲ್ಲಿ ಬರೆದುಕೊಂಡದ್ದನ್ನು ತೆಗೆಯಿರಿ. ವಿಮಾನ ಇಲ್ಲ ಅಂತ ಬರೆದಿದ್ದಿರಿ ಅಲ್ವಾ? ವಿಮಾನ ಬರೆದಿದ್ದರೆ ಚಿತ್ರ 1937ಕ್ಕೇ ಮುಗಿಯುತ್ತಿತ್ತು. ಇವತ್ತಿಗೂ ಎಲ್ಲಾದರೂ ಊರಿನ ಮೇಲೆ ಬಾಂಬು ಬಿದ್ದಾಗ ಜನ ಇದೇ ಚಿತ್ರ ಎತ್ತಿ ಹಿಡಿಯುವುದು ಅದಕ್ಕೇ.

ಬಿಟ್ಟದ್ದರಿಂದ ನೋವು ಬರುವುದಕ್ಕೆ ನಮ್ಮಲ್ಲೇ ಒಂದು ಚಿತ್ರ ಇದೆ. ಕೃಷೆನ್ ಖನ್ನಾ 1948ರಲ್ಲಿ ಗಾಂಧೀಜಿಯ ಸಾವಿನ ಸುದ್ದಿ ಬಂದ ಗಳಿಗೆಯನ್ನು ಬರೆದರು. ಅದರಲ್ಲಿ ಗಾಂಧಿ ಇಲ್ಲ, ಶವ ಇಲ್ಲ. ಬೀದಿದೀಪದ ಕೆಳಗೆ ಜನ ನಿಂತು ಪತ್ರಿಕೆ ಓದುತ್ತಿದ್ದಾರೆ. ಒಬ್ಬೊಬ್ಬರೂ ತಮ್ಮ ಹಾಳೆಯೊಳಗೆ ಒಬ್ಬಂಟಿ.

ಎಂಟನೇ ಹೆಜ್ಜೆ: ಈ ನೋವು ನಿಜವೋ, ಮಾರಾಟದ್ದೋ?

ಇದನ್ನು ಹೇಳದೆ ಬಿಡಲಾರೆ. ಚಿತ್ರಸಂತೆಗಳಲ್ಲಿ ಸುಕ್ಕು ಮುಖದ ಅಜ್ಜ, ಹರಿದ ಸೀರೆಯ ಅಜ್ಜಿ, ಬಿರುಕು ಬಿಟ್ಟ ನೆಲದಲ್ಲಿ ಆಕಾಶ ನೋಡುವ ರೈತ, ಇವು ಎಷ್ಟು ಸಿಗುತ್ತವೆ! ಒಂದೊಂದು ಸುಕ್ಕನ್ನೂ ಹೊಳೆಯುವಂತೆ ಬರೆದಿರುತ್ತಾರೆ. ಕೈಚಳಕ ದೊಡ್ಡದು, ಒಪ್ಪುತ್ತೇನೆ. ಆದರೆ ಅಂಥ ಚಿತ್ರ ಆ ಮನುಷ್ಯನ ಬಡತನವನ್ನು ನಮ್ಮ ಡ್ರಾಯಿಂಗ್ ರೂಮಿನ ಅಲಂಕಾರ ಮಾಡುತ್ತದೆ. ನಾವು 'ಅಯ್ಯೋ ಪಾಪ' ಅಂದು ಮುಂದೆ ಹೋಗುತ್ತೇವೆ. ಅವರಿಗೆ ಯಾಕೆ ಹೀಗಾಯಿತು ಅನ್ನುವ ಪ್ರಶ್ನೆ ಏಳುವುದೇ ಇಲ್ಲ.

ಬಂಗಾಳದ ಚಿತ್ರಕಾರ ಚಿತ್ತಪ್ರಸಾದ್ ಅವರನ್ನು ಇದರ ಎದುರಿಗಿಟ್ಟು ನೋಡಿ. ಅವರು 1943ರಲ್ಲಿ ಮಿಡ್ನಾಪುರ ಜಿಲ್ಲೆಯಲ್ಲಿ ನಡೆದಾಡಿ ಬರಗಾಲದವರನ್ನು ಬರೆದರು, ಜೊತೆಗೆ ಅವರ ಕಥೆಯನ್ನೂ ಬರೆದರು. ಅದು ಪುಸ್ತಕವಾಗಿ ಬಂದಾಗ ಅದರ ಪ್ರತಿಗಳನ್ನು ಬ್ರಿಟಿಷ್ ಸರಕಾರ ಜಪ್ತಿ ಮಾಡಿ ನಾಶ ಮಾಡಿತು. ಆ ಚಿತ್ರಗಳಲ್ಲಿ ಕನಿಕರ ಒಂದೇ ಇದ್ದಿದ್ದರೆ ಸರಕಾರ ಅಷ್ಟು ಹೆದರುತ್ತಿರಲಿಲ್ಲ.

ಕೊನೆಗೆ: ನೀವೇ ಒಂದು ಬರೆದು ನೋಡಿ

ಬರೆಯಲು ಬಾರದಿದ್ದರೂ ಪರವಾಗಿಲ್ಲ. ಒಂದು ಚಾರ್ಕೋಲ್ ಕಡ್ಡಿ, ನ್ಯೂಸ್‌ಪ್ರಿಂಟ್ ಹಾಳೆ ಸಾಕು. ವಿಷಯ ನಮ್ಮ ಸುತ್ತಲೇ ಇದೆ. ಚಳ್ಳಕೆರೆ ಕಡೆ ಮಳೆ ಕೈಕೊಟ್ಟ ವರ್ಷ ಬರೆಯಬೇಕಾ? ಬಿರುಕು ನೆಲ ಬಿಡಿ, ಅದನ್ನು ಎಲ್ಲರೂ ಬರೆದಾಯಿತು. ನೀರು ಬಾರದ ಬೋರ್‌ವೆಲ್‌ನ ಕೇಸಿಂಗ್ ಪೈಪು ಹೊಲದ ನಡುವೆ ನಿಂತಿರುತ್ತದೆ, ಬಾಯಿಗೆ ಒಂದು ಕಲ್ಲು ಮುಚ್ಚಿರುತ್ತಾರೆ. ಅಷ್ಟನ್ನೇ ಬರೆಯಿರಿ, ಹಾಳೆಯ ಉಳಿದ ಜಾಗ ಖಾಲಿ ಬಿಡಿ. ಆ ಪೈಪಿಗೆ ಸುರಿದ ಸಾಲ ಏನು ಅಂತ ಚಿತ್ರದುರ್ಗ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ.

ದಾವಣಗೆರೆಯವರಾದರೆ ಮಂಡಕ್ಕಿ ಭಟ್ಟಿಯ ಕಡೆ ಹೋಗಿ. ಅಲ್ಲಿ ದುಡಿಯುವವರ ಮುಖ ಬರೆಯುವ ಆಸೆ ತಡೆದುಕೊಳ್ಳಿ. ಕಾದ ಮರಳಿನ ಬಿಸಿಯನ್ನು, ಹೊಗೆಯನ್ನು ಬರೆಯಲು ನೋಡಿ. ಹಾಳೆಯನ್ನೆಲ್ಲ ಚಾರ್ಕೋಲಿನಿಂದ ಕಪ್ಪು ಮಾಡಿ, ರಬ್ಬರಿನಿಂದ ಒಂದು ಬಾಗಿದ ಬೆನ್ನನ್ನು ಮಾತ್ರ ಅಳಿಸಿ ತೆಗೆಯಿರಿ. ಬೆನ್ನು ಹೊಗೆಯೊಳಗೆ ಅರ್ಧ ಮುಳುಗಿರಲಿ. ಹೋಗುವಾಗ ಅವರನ್ನು ಮಾತಾಡಿಸಿ, ಕೇಳಿ ಬರೆಯಿರಿ. ಆಸ್ಪತ್ರೆಯ ಮುಂದೆ, ಸಾವಿನ ಮನೆಯಲ್ಲಿ ಫೋನ್ ತೆಗೆದು ಫೋಟೊ ಹೊಡೆದುಕೊಳ್ಳುವ ಕೆಲಸ ಖಂಡಿತ ಬೇಡ. ನೆನಪಿನಿಂದ ಬರೆದದ್ದು ಸಾಕು.

ಮುಂದೆ ನೋಡಲು ಒಂದು ಕ್ರಮ ಹೇಳುತ್ತೇನೆ. ಮೊದಲು ಕೊಲ್ವಿಟ್ಸ್, ಆಮೇಲೆ ಅಬೇದಿನ್, ಚಿತ್ತಪ್ರಸಾದ್. ಅಲ್ಲಿ ಮನುಷ್ಯರು ಸ್ಪಷ್ಟವಾಗಿದ್ದಾರೆ. ನಂತರ ಮುಂಕ್, ಗೆರ್ನಿಕಾ, ತೈಯಬ್ ಮೆಹ್ತಾ. ಸೋಮನಾಥ್ ಹೋರ್ ಕೊನೆಗೆ, ಕಣ್ಣು ಪಳಗಿದ ಮೇಲೆ. ವಾರಕ್ಕೆ ಒಬ್ಬರು ಸಾಕು. ನಡುವೆ ಒಂದು ಸಲ ಬೆಂಗಳೂರಿಗೆ ಹೋಗಿ ನಿಜವಾದ ಕ್ಯಾನ್ವಾಸಿನ ಎದುರು ನಿಲ್ಲಿ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಬೆಳಗಿನ ರೈಲು ಹಿಡಿದರೆ ನೋಡಿಕೊಂಡು ರಾತ್ರಿ ವಾಪಸ್ ಬರಬಹುದು. ಸೋಮವಾರ ಮಾತ್ರ ಹೋಗಬೇಡಿ, ಅವತ್ತು ರಜೆ.